ಆಡುಸೋಗೆ: ಹಿತ್ತಲದ್ದೋ, ಪೊಟ್ಟಣದ್ದೋ, ಬಾಟಲಿಯದ್ದೋ?

ಸಿಂಧನೂರಿನಲ್ಲಿ ಭತ್ತದ ಕೊಯ್ಲು ಶುರುವಾದರೆ ನನಗೆ ಕೆಮ್ಮು ಶುರು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಊರಿಗೆ ಅನ್ನ ಕೊಟ್ಟಿದೆ, ನನಗೆ ಅದರ ಜೊತೆ ಹೊಟ್ಟಿನ ಧೂಳನ್ನೂ ಕೊಟ್ಟಿದೆ. ನವೆಂಬರ್ ಕೊನೆಗೆ ಮಷೀನು ಗದ್ದೆಗೆ ಇಳಿಯುತ್ತದೆ. ಎರಡೇ ದಿನಕ್ಕೆ ಗಂಟಲು ಕೆರೆತ, ಆಮೇಲೆ ಕಫ ಎದೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದಕ್ಕೆ ಮೂರು ವರ್ಷದಿಂದ ಆಡುಸೋಗೆ ಬಳಸುತ್ತಿದ್ದೇನೆ. ಒಂದು ವರ್ಷ ಹಸಿ ಎಲೆ, ಒಂದು ವರ್ಷ ಅಂಗಡಿ ಪುಡಿ, ಒಂದು ವರ್ಷ ಬಾಟಲಿ.

ಹಸಿ ಎಲೆಯಲ್ಲಿ ಮೊದಲು ಕೆಟ್ಟೆ. ಯಾರನ್ನೂ ಕೇಳದೆ ಒಂದು ಬೊಗಸೆ ಎಲೆ ಮಿಕ್ಸಿಗೆ ಹಾಕಿದೆ. ಹಸಿರು ಮುದ್ದೆ ಆಯಿತು, ಎಷ್ಟು ಹಿಂಡಿದರೂ ರಸ ಬರಲಿಲ್ಲ. ನೀರು ಬೆರೆಸಿ ಸೋಸಿ ಕುಡಿದೆ. ಐದು ನಿಮಿಷಕ್ಕೆ ವಾಂತಿ! ಜಾಸ್ತಿ ಹೋದರೆ ವಾಂತಿ ಬರಿಸುವ ಎಲೆಯೇ ಇದು ಅಂತ ಆಮೇಲೆ ಗೊತ್ತಾಯಿತು. ಕಟ್ಟೆ ಮೇಲೆ ಕೂತಿದ್ದ ಅತ್ತೆ ನಗುತ್ತಾ, "ಹಂಗ ಹಿಂಡಿದ್ರ ಬರಂಗಿಲ್ಲವ್ವಾ ಅದು. ಹಂಚಿನ ಮ್ಯಾಲೆ ಬಾಡಿಸು" ಅಂದರು.

ಮರುದಿನ ಅವರೇ ಮಾಡಿ ತೋರಿಸಿದರು. ಹುಳ ತಿನ್ನದ, ಹಣ್ಣಾಗದ ಐದಾರು ಎಲೆ. ರೊಟ್ಟಿ ಸುಟ್ಟಾದ ಮೇಲೆ ಹಂಚು ಇನ್ನೂ ಬಿಸಿ ಇರುತ್ತದಲ್ಲ, ಅದರ ಮೇಲೆ ಎಲೆ ಹಾಸಿ, ನೀರು ಚಿಮುಕಿಸಿ, ತಟ್ಟೆ ಮುಚ್ಚಿದರು. ಎಲೆ ಕಂದಿ, ಮೆತ್ತಗೆ ಸೊರಗಿತು. ಬಿಸಿ ಇರುವಾಗಲೇ ಹಳೇ ಧೋತರದ ತುಂಡಿನಲ್ಲಿ ಕಟ್ಟಿ ಹಿಂಡಿದರು. ಒಂದು ಚಮಚ ರಸ ಬಂತು. ಅಷ್ಟೇ ಡೋಸ್, ಅಷ್ಟೇ ಜೇನು. ಆಯುರ್ವೇದದಲ್ಲಿ ಎಲೆ ಮುದ್ದೆಗೆ ಮಣ್ಣು ಮೆತ್ತಿ ಸುಟ್ಟು ರಸ ತೆಗೆಯುವುದಕ್ಕೆ ಪುಟಪಾಕ ಅನ್ನುತ್ತಾರೆ. ನಮ್ಮತ್ತೆಯದು ಅದರ ರೊಟ್ಟಿ ಹಂಚಿನ ಆವೃತ್ತಿ.

ರುಚಿ ಕಹಿ, ಜೇನಿಗೂ ಬಗ್ಗದ ಕಹಿ. ನಾಲ್ಕನೇ ದಿನ ಕಫ ಸಡಿಲವಾಗಿ ಬರತೊಡಗಿತು. ಅಷ್ಟರಲ್ಲಿ ಪಕ್ಕದ ಗದ್ದೆಗಳ ಕೊಯ್ಲೂ ಮುಗಿದಿತ್ತು, ಹಾಗಾಗಿ ಪೂರ್ತಿ ಹೆಸರು ಎಲೆಗೇ ಕೊಡಲಾರೆ. ಆದರೆ ಡಾಕ್ಟರು ಕಫ ಕರಗಿಸಲು ಬರೆಯುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಈ ಎಲೆಯಲ್ಲಿರುವ ವ್ಯಾಸಿಸಿನ್ ಅನ್ನುವ ಸತ್ವದ ಜಾಡು ಹಿಡಿದು. ಅಂದರೆ ಸುಮ್ನೆ ಅಜ್ಜಿ ಕತೆ ಅಲ್ಲ.

ಗಿಡ ಬೆಳೆಸುವುದೂ ಸಲೀಸು. ಕಡ್ಡಿ ನೆಟ್ಟರೆ ಹತ್ತುತ್ತದೆ. ನಮ್ಮ ಮೇ ಬಿಸಿಲಿಗೆ ತುಳಸಿ ಸುಟ್ಟು ಹೋಯಿತು, ಇದು ತಡೆಯಿತು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಪಕ್ಕದ ಮನೆ ಆಡು ಮಾತ್ರ ಇದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ.

ಪುಡಿಯಲ್ಲಿ ಕೆಲಸ ಕಡಿಮೆ. ಒಂದು ಚಮಚ ಹಾಕಿ, ಎರಡು ಲೋಟ ನೀರು ಅರ್ಧ ಲೋಟ ಆಗುವ ತನಕ ಕುದಿಸಿ ಸೋಸಿದರೆ ಆಯಿತು. ಆದರೆ ಪುಡಿಯಾದ ಮೇಲೆ ಒಳಗೇನಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಮೊದಲು ತಂದ ಪೊಟ್ಟಣ ಮುಗ್ಗಲು ವಾಸನೆ ಹೊಡೆಯಿತು. ಎರಡನೆಯದರಲ್ಲಿ ಶುಂಠಿ, ಹಿಪ್ಪಲಿ, ಜ್ಯೇಷ್ಠಮಧು ಎಲ್ಲಾ ಸೇರಿತ್ತು. ನನಗೆ ಸರಿಹೋಯಿತು. ಮಾವನಿಗೆ ಬೇಡವೇ ಬೇಡ ಅಂತ ನಿಲ್ಲಿಸಿದೆ, ಅವರಿಗೆ ಬಿಪಿ ಇದೆ. ಜ್ಯೇಷ್ಠಮಧು ದಿನಾ ತೆಗೆದುಕೊಂಡರೆ ಬಿಪಿ ಏರುತ್ತದೆ. ಈಗ ಕೊಳ್ಳುವುದಾದರೆ ಒಣಗಿಸಿದ ಇಡೀ ಎಲೆ ಕೊಳ್ಳುತ್ತೇನೆ, ಪುಡಿ ಅಲ್ಲ.

ಬಾಟಲಿ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಲೇಬಲ್ಲಿನಲ್ಲಿ ಆಡುಸೋಗೆಗೆ 'ವಾಸಾ' ಅಂತ ಬರೆದಿರುತ್ತಾರೆ. ಅಳತೆ ಮುಚ್ಚಳ ಇರುವುದರಿಂದ ತಪ್ಪು ಕಡಿಮೆ. ಸಿಹಿ ಮಾತ್ರ ಪಾಯಸದ ಹಾಗೆ. ಸಕ್ಕರೆ ಕಾಯಿಲೆ ಇರುವವರು ಲೇಬಲ್ಲು ಓದಿಯೇ ಕೊಳ್ಳಬೇಕು. ಕೆಲಸದಲ್ಲಿ ಹಸಿ ರಸಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಮೂರರಲ್ಲಿ ಯಾವುದಾದರೂ ಸರಿ, ಬಸುರಿಯರು ಆಡುಸೋಗೆ ಮುಟ್ಟಬಾರದು, ಅದು ಗರ್ಭಕೋಶ ಹಿಂಡುತ್ತದೆ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಪುಡಿ ಕುಡಿದ ವರ್ಷ ನನ್ನ ಕೆಮ್ಮು ಎರಡು ವಾರ ದಾಟಿತು. ಕಷಾಯ ಪಕ್ಕಕ್ಕಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದೆ. ಟಿಬಿ ಅನುಮಾನಕ್ಕೆ ಎರಡು ವಾರವೇ ಗಡುವು, ಪರೀಕ್ಷೆಗೆ ದುಡ್ಡಿಲ್ಲ. ಏನೂ ಇರಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬಂತು.

ಮನೆಯಲ್ಲಿದ್ದಾಗ ನನಗೆ ಹಂಚಿನ ರಸವೇ ಆಗಬೇಕು. ಬಾಟಲಿಯನ್ನೂ ಬಿಟ್ಟಿಲ್ಲ, ಬ್ಯಾಗಿನಲ್ಲಿ ಒಂದು ಇದ್ದೇ ಇರುತ್ತದೆ. ರಾಯಚೂರು ಬಸ್ಸಿಗೆ ಹಂಚು ಹೊತ್ತುಕೊಂಡು ಹತ್ತಲು ಆಗಲ್ಲ, ಅಲ್ವಾ?