ಇ-ಗ್ರಾಮಸ್ವರಾಜ್: ಊರಿನ ಯೋಜನೆಯನ್ನು ಊರಿನವರೇ ನೋಡಬಹುದಾದ ಜಾಲತಾಣ

ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯನ್ನು ನೋಡಬೇಕಾದರೆ ಹಿಂದೆ ಕಚೇರಿಗೆ ಅಲೆಯಬೇಕಿತ್ತು, ಇಲ್ಲವೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ 30 ದಿನ ಕಾಯಬೇಕಿತ್ತು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಇ-ಗ್ರಾಮಸ್ವರಾಜ್ ಜಾಲತಾಣ 2020ರ ಏಪ್ರಿಲ್ 24ರಂದು ಆರಂಭವಾಯಿತು. ಇದರಲ್ಲಿ ವರ್ಷ, ಜಿಲ್ಲೆ, ತಾಲ್ಲೂಕು, ಪಂಚಾಯಿತಿಗಳನ್ನು ಆರಿಸಿಕೊಂಡರೆ ಅನುಮೋದಿತ ಕಾಮಗಾರಿಗಳ ಪಟ್ಟಿಯೂ ಅಂದಾಜು ಮೊತ್ತವೂ ಲಾಗಿನ್ ಇಲ್ಲದೆಯೇ ಸಿಗುತ್ತವೆ. ದೇಶದ ಯೋಜನೆ ಊರಿನಿಂದಲೇ ಮೊದಲಾಗಬೇಕೆಂದು ನಂಬಿರುವ ನನಗೆ ಇದು ಬಹಳ ದೊಡ್ಡ ಅನುಕೂಲ.

ಆದರೆ ಪಟ್ಟಿಯ ಬೆಲೆ ಅದನ್ನು ತುಂಬುವವರ ಕೈಯಲ್ಲಿದೆ. ಶಾಲೆಯ ಜಗಲಿಯಲ್ಲಿ ನಡೆದ ನಮ್ಮ ವಾರ್ಡ್ ಸಭೆಯಲ್ಲಿ, ಅಂಗನವಾಡಿಯ ಮುಂದೆ ಮಳೆನೀರು ಮೊಣಕಾಲಿನವರೆಗೆ ನಿಲ್ಲುತ್ತದೆ, ಚರಂಡಿ ಮೊದಲು ಅಲ್ಲಿಗೇ ಆಗಲಿ ಎಂದು ಹಿರಿಯ ಮಹಿಳೆಯೊಬ್ಬರು ಕೇಳಿದ್ದರು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ನಾನೇ ಕಂಡಿದ್ದೆ. ನಮ್ಮ ಪಂಚಾಯಿತಿಯವರು ಜಾಲತಾಣದಲ್ಲಿ ದಾಖಲಿಸಿದ್ದು ಮಾತ್ರ ‘ಸಿ.ಸಿ. ಚರಂಡಿ ನಿರ್ಮಾಣ’ ಎಂಬ ಒಂದೇ ಸಾಲು. ಅದು ಯಾವ ಕೇರಿಯ ಚರಂಡಿಯೆಂದು ಓದಿದವರಿಗೆ ತಿಳಿಯುವಂತಿರಲಿಲ್ಲ. ಕೈಬಿಟ್ಟ ಬೇಡಿಕೆಗಳಿಗಂತೂ ಅನುಮೋದಿತ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಯಾವುದನ್ನು ಏಕೆ ಬಿಟ್ಟರು ಎಂಬುದು ಕೇಳಿದವರಿಗೆ ತಿಳಿಯಬೇಕಲ್ಲವೇ?

ಇದಕ್ಕಿಂತ ಮುಖ್ಯವಾದದ್ದು ಹಣದ ವಿಚಾರ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಷರತ್ತು ಹಾಕಿತ್ತು. ಎರಡೂ ಅಗತ್ಯವೇ ಆದರೂ, ಕೆರೆಗೆ ಹೋಗುವ ದಾರಿಯೇ ಮೊದಲು ಬೇಕು ಎನ್ನುವ ಊರಿಗೆ ಆ ಅನುದಾನದಲ್ಲಿ ಉಳಿದ ಆಯ್ಕೆ ಶೇ 40ರೊಳಗಿನದು. ಕೇರಳ 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರೇ ಯೋಜನೆ ರೂಪಿಸುವ ಆಂದೋಲನ, ಕೈಗೊಂಡಾಗ ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ಮುಂದಾಗಿತ್ತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲೇ, ಜಿಲ್ಲಾ ಪರಿಷತ್ತುಗಳನ್ನು ಚುನಾಯಿಸಿದ ಕರ್ನಾಟಕಕ್ಕೆ ಆ ದಾರಿ ಹೊಸದೇನಲ್ಲ. ಸಂವಿಧಾನದ 243-ಝಡ್‌ಡಿ ವಿಧಿ ಹೇಳುವ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಕೇವಲ ಒಟ್ಟುಗೂಡಿಸದೆ, ಎದುರುಬದುರು ಕುಳಿತು ಹೊಂದಿಸಿದಾಗಲೇ ಈ ಜಾಲತಾಣದ ಅಂಕಿಗಳಿಗೆ ಪೂರ್ಣ ಉಪಯೋಗ.

ಪಾರದರ್ಶಕತೆಗಾಗಿ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ವರ್ಷದ ಪಟ್ಟಿಯನ್ನು ಮುದ್ರಿಸಿಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ, ಪ್ರತಿ ಸಾಲಿನ ಎದುರು ಕೇರಿಯ ಹೆಸರನ್ನು ಬರೆಸಿಕೊಳ್ಳಿ.