ರಸ್ತೆ ಪಕ್ಕದ ಇಳಿಜಾರಿಗೆ ಯಾವ ಗೊಬ್ಬರ? ನಾಲ್ಕು ಪಟ್ಟಿ ಮಾಡಿ ಹರಿಯೋ ನೀರು ಹಿಡಿದು ನೋಡಿದ್ದು

ಶಿರಸಿಯಿಂದ ಕುಮಟಾಕ್ಕೆ ಹೋಗೋ ರಸ್ತೆ ಬದಿಗೇ ನಮ್ಮನೆ, ರಸ್ತೆ ಮೇಲೆ, ತೋಟ ಬಾವಿ ಎಲ್ಲ ಕೆಳಗೆ. ರಸ್ತೆ ಅಗಲ ಮಾಡಿದಾಗ ಏರಿಸಿ ಹಾಕಿದ ಕೆಂಪು ಮಣ್ಣು ನಮ್ಮ ಬೇಲಿ ತನಕ ಬಂತು, ಅದರ ಮೇಲೆ ಒಂದು ಹುಲ್ಲುಕಡ್ಡಿನೂ ಇಲ್ಲ. ಮೊದಲ ಮಳೆಗಾಲಕ್ಕೇ ರಾಡಿ ನೀರು ತೋಟಕ್ಕೆ ನುಗ್ಗಿ ಅಡಿಕೆ ಸಸಿ ಬುಡದಲ್ಲಿ ಗೇಣುದ್ದ ಮಣ್ಣು ಕೂತ್ಕೊಳ್ತು, ಬಾವಿ ನೀರೂ ನಾಲ್ಕು ದಿನ ಕೆಂಪಗೆ. ಗೊಬ್ಬರ ಹಾಕಿ ಹುಲ್ಲು ಬೆಳೆಸೋಣ ಅಂದ್ರೆ ಆಯಿ ಒಂದೇ ಪ್ರಶ್ನೆ ಕೇಳಿದ್ದು, "ಗೊಬ್ಬರದ ನೀರು ಬಾವಿಗೆ ಇಳಿದ್ರೆ?" ಅದಕ್ಕೆ ಉತ್ತರ ಬೇಕಿತ್ತು, ಹಂಗಾಗಿ ಈ ಪ್ರಯೋಗ.

ಮೂರಡಿ ಅಗಲ, ಹತ್ತಡಿ ಉದ್ದದ ನಾಲ್ಕು ಪಟ್ಟಿ. ನಡುವೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹೂತೆ, ತುದಿಗೆ ಪೈಪು ಸೀಳಿ ಇಟ್ಟು ಒಂದೊಂದಕ್ಕೂ 200 ಲೀಟರಿನ ನೀಲಿ ಡ್ರಮ್ಮು. ಒಂದು ಸೆಂಟಿಮೀಟರ್ ಮಳೆ ಅಂದ್ರೆ ಒಂದು ಪಟ್ಟಿ ಮೇಲೆ ಸುಮಾರು 28 ಲೀಟರ್ ನೀರು ಬೀಳತ್ತೆ, ಸೋ ಎಷ್ಟು ಇಂಗಿತು ಎಷ್ಟು ಹರೀತು ಅಂತ ಕೋಲು ಅದ್ದಿ ನೋಡಿದ್ರೇ ಗೊತ್ತಾಗತ್ತೆ. ಪ್ರತಿ ಮಳೆ ಆದ್ಮೇಲೆ ಡ್ರಮ್ಮಿನ ನೀರು ಚೆನ್ನಾಗಿ ಕಲಕಿ ಬಾಟಲಿಗೆ ತುಂಬಿಡೋದು, ಟಿಡಿಎಸ್ (ನೀರಲ್ಲಿ ಕರಗಿದ ಲವಣ ಅಳೆಯೋ) ಮೀಟರ್ ಹಿಡಿಯೋದು, ಮೀನಿನ ತೊಟ್ಟಿಗೆ ಬಳಸೋ ನೈಟ್ರೇಟ್ ಪಟ್ಟಿ ಅದ್ದೋದು, ಅಂದ್ರೆ ಗೊಬ್ಬರದಿಂದ ಕರಗಿ ಬರೋ ಸಾರಜನಕದ ಲವಣ ಜಾಸ್ತಿ ಇದ್ದಷ್ಟೂ ಕೆಂಪಾಗೋ ಪರೀಕ್ಷೆಯ ಕಾಗದ.

ಬರಿ ಮಣ್ಣಿನ ಪಟ್ಟಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಡ್ರಮ್ಮು ಎಲ್ಲಕ್ಕಿಂತ ಬೇಗ ತುಂಬ್ತು, ರಾತ್ರಿ ಇಟ್ಟ ಬಾಟಲಿ ತಳದಲ್ಲಿ ಬೆಳಿಗ್ಗೆ ಎರಡು ಬೆರಳಷ್ಟು ಕೆಸರು. ಆದ್ರೆ ಒಂದು ಗಮನಿಸಿ, ಟಿಡಿಎಸ್ ಅತೀ ಕಡಿಮೆ ತೋರಿಸಿದ್ದು ಈ ರಾಡಿ ನೀರಿಗೇ! ಆ ಮೀಟರ್ ಕರಗಿದ ಲವಣ ಮಾತ್ರ ನೋಡತ್ತೆ, ತೇಲೋ ಮಣ್ಣು ಅದಕ್ಕೆ ಕಾಣಲ್ಲ. ಮೀಟರ್ ಒಂದನ್ನೇ ನಂಬಿ ನೀರು ಚೆನ್ನಾಗಿದೆ ಅನ್ಬೇಡಿ, ದಯವಿಟ್ಟು.

ಎರಡನೇದಕ್ಕೆ ಕೊಟ್ಟಿಗೆಯಿಂದ ತೆಗೆದ ಹಸಿ ಗೊಬ್ಬರ. ಮೊದಲ ಮಳೆಗೇ ನೊರೆ, ವಾಸನೆ, ನೈಟ್ರೇಟ್ ಪಟ್ಟಿ ಕಡುಗೆಂಪು. ಸಗಣಿಯ ರೋಗಾಣುಗಳು ನೀರಿನ ಜೊತೆ ಹಂಗೇ ಇಳೀತವೆ, ಬಾವಿ ಹತ್ತಿರ ಇದ್ರೆ ಇದು ಬೇಡವೇ ಬೇಡ. ಹದಿನೈದು ದಿನಕ್ಕೆ ಕೆರೆದು ತೆಗೆದೆ.

ನಿಜವಾದ ಪೈಪೋಟಿ ಇದ್ದದ್ದು ಮೂರು ಮತ್ತು ನಾಲ್ಕರ ನಡುವೆ. ಗೊಬ್ಬರ ಒಂದೇ, ಸೊಪ್ಪು, ದರಕು (ಒಣಗಿ ಉದುರಿದ ಎಲೆ), ಸಗಣಿ ಹಾಕಿ ವರ್ಷ ಪೂರ್ತಿ ಕಳಿತದ್ದು, ಕೈಯಲ್ಲಿ ಹಿಡಿದ್ರೆ ಕಾಡಿನ ಮಣ್ಣಿನ ವಾಸನೆ. ಮೂರನೇದರಲ್ಲಿ ಎರಡಿಂಚು ದಪ್ಪ ಮೇಲೆ ಹಾಸಿದೆ, ನಾಲ್ಕನೇದರಲ್ಲಿ ನಾಲ್ಕಿಂಚು ಮಣ್ಣು ಅಗೆದು ಒಂದು ಪಾಲು ಗೊಬ್ಬರ, ಮೂರು ಪಾಲು ಮಣ್ಣು ಬೆರೆಸಿದೆ.

ಜೂನ್‌ನಲ್ಲಿ ಹಾಸಿದ್ದೇ ಗೆದ್ದಿತ್ತು. ಮಳೆ ಹನಿ ನೇರ ಮಣ್ಣಿಗೆ ಬಡಿಯೋಕೆ ಬಿಡ್ಲಿಲ್ಲ, ಬಾಟಲಿಯಲ್ಲಿ ಕೆಸರೇ ಇಲ್ಲ, ನೀರು ಮಾತ್ರ ಕಷಾಯದ ಬಣ್ಣ. ಬೆರೆಸಿದ ಪಟ್ಟಿಯಲ್ಲಿ ಮಣ್ಣು ಸಡಿಲ ಆಗಿದ್ದಕ್ಕೆ ಮೊದಲೆರಡು ಮಳೆ ಕೆಂಪು ನೀರೇ ಬಂತು, ನಂಗೆ ಬೇಜಾರಾಗಿತ್ತು. ಆಮೇಲೆ ಒಂದು ರಾತ್ರಿ ರಸ್ತೆ ನೀರು ಒಂದೇ ಕಡೆ ನುಗ್ಗಿ ಹಾಸಿದ ಗೊಬ್ಬರದ ನಡುವೆ ದಾರಿ ಮಾಡ್ಕೊಂಡು ಅರ್ಧಕ್ಕರ್ಧ ತೇಲಿಸ್ಕೊಂಡು ಹೋಯ್ತು, ಬೆರೆಸಿದ್ದು ಅಲ್ಲಾಡ್ಲಿಲ್ಲ. ಜುಲೈ ಕೊನೆಗೆ ಹುಲ್ಲು ದಟ್ಟ ಆಯ್ತು, ಬೆರೆಸಿದ ಪಟ್ಟಿಯ ಡ್ರಮ್ಮಿಗೆ ಬರಿ ಮಣ್ಣಿನದಕ್ಕೆ ಬಂದದ್ದರ ಮೂರನೇ ಒಂದು ಭಾಗ ನೀರು ಮಾತ್ರ, ಉಳಿದದ್ದು ಇಂಗಿತು.

ಈಗ ಆಯಿ ಪ್ರಶ್ನೆಗೆ ಬರ್ತೀನಿ. ಕಳಿತ ಗೊಬ್ಬರದಿಂದಲೂ ಮೊದಲ ಮಳೆಗಳಲ್ಲಿ ನೈಟ್ರೇಟು, ರಂಜಕ ಕರಗಿ ಬರತ್ತೆ, ಇದನ್ನ ಮುಚ್ಚಿಡೋದು ತಪ್ಪು. ಎರಡೂ ಪಟ್ಟಿಯಲ್ಲಿ ಮೊದಲ ಮಳೆಗೆ ಲೀಟರಿಗೆ 25ರಿಂದ 50 ಮಿಲಿಗ್ರಾಂ ನಡುವಿನ ಬಣ್ಣ ಬಂತು, ಕುಡಿಯೋ ನೀರಿಗೆ ನಮ್ಮ ಭಾರತೀಯ ಮಾನಕದ ಮಿತಿ 45. ನಾಲ್ಕನೇ ವಾರಕ್ಕೆ ಬಣ್ಣ ಹತ್ರತ್ರ ಬಿಳಿ. ಲೀಟರಿನ ಲೆಕ್ಕದಲ್ಲಿ ಬರಿ ಮಣ್ಣೇ ಒಳ್ಳೇದು ಅನ್ನಿಸಬಹುದು, ಆದ್ರೆ ಹರಿದ ನೀರೇ ಇಷ್ಟು ಕಡಿಮೆ ಆದ್ಮೇಲೆ ಇಡೀ ಮಳೆಗಾಲಕ್ಕೆ ಕೆಳಗೆ ಇಳಿದ ಒಟ್ಟು ಹೊರೆ ನೋಡ್ಬೇಕು, ಮಣ್ಣಿಗೆ ಅಂಟಿಕೊಂಡು ಹೋಗೋ ರಂಜಕನೂ ಸೇರಿಸಿ. ಟೈರಿನ ಸತು, ಬ್ರೇಕಿನ ತಾಮ್ರ ರಸ್ತೆ ನೀರಲ್ಲಿ ಬರತ್ತಲ್ಲ, ಅದನ್ನೂ ಕಳಿತ ಗೊಬ್ಬರ ಒಂದಷ್ಟು ಹಿಡಿದಿಟ್ಕೊಳ್ಳತ್ತೆ. ಪೇಟೆ ಕಸದ ಕಾಂಪೋಸ್ಟ್ ತರೋದಾದ್ರೆ ಸೀಸ, ಕ್ಯಾಡ್ಮಿಯಮ್ ಪರೀಕ್ಷೆಯ ಕಾಗದ ಕೇಳಿ, ಗಾಜು ಪ್ಲಾಸ್ಟಿಕ್ ಚೂರು ಕಂಡ್ರೆ ವಾಪಸ್ ಕಳಿಸಿ.

ಇನ್ನೊಂದು, ಇದು ಮೇಲ್ಮಣ್ಣು ಕೊಚ್ಚೋದಕ್ಕೆ ಮಾತ್ರ. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡವೇ ಜರಿದದ್ದು ನೆನಪಿದೆಯಲ್ಲ, ಅಂಥ ಕಡಿದಾದ ದರೆ ಹತ್ರ ಗೊಬ್ಬರ ಹಿಡ್ಕೊಂಡು ಹೋಗ್ಬೇಡಿ, ಅಲ್ಲಿ ನೀರು ಇಂಗಿಸೋದೇ ಅಪಾಯ.

ನಾನು ಈ ಸಲ ಇಡೀ ಇಳಿಜಾರಿಗೆ ಬೆರೆಸೋದನ್ನೇ ಮಾಡ್ತಿದೀನಿ, ಮೇ ಮೊದಲ ವಾರದಲ್ಲಿ, ಮಳೆಗಾಲಕ್ಕೆ ಮುಂಚಿನ ಅಡ್ಡಮಳೆಗೆ ಹುಲ್ಲು ಚಿಗುರಲಿ ಅಂತ, ಮೇಲೆ ತೆಳ್ಳಗೆ ದರಕು ಹೊದೆಸಿ. ಬಾವಿ ಮೇಲ್ಗಡೆಯ ಹತ್ತು ಮಾರು ಜಾಗಕ್ಕೆ ಮಾತ್ರ ಗೊಬ್ಬರ ಇಲ್ಲ, ಬರಿ ಲಾವಂಚ.