ರೊಟ್ಟಿಗೆ ಒಂದು, ಸೂಜಿಗೆ ಒಂದು: ನಾನು ನುಂಗಿ ನೋಡಿದ ಪಾರ್ಕಿನ್ಸನ್ ಗುಳಿಗೆಗಳು

ನನಗೆ ಏನೋ ಆಗಿದೆ ಅಂತ ಮೊದಲು ಗೊತ್ತಾದದ್ದು ರೊಟ್ಟಿ ಬಡಿಯುವಾಗ. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುವುದನ್ನು ಮರೆಯುತ್ತಿತ್ತು. ರೊಟ್ಟಿ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ, ಅಂಚೆಲ್ಲ ಸೀಳು. ಹನ್ನೆರಡನೇ ವಯಸ್ಸಿಗೆ ಅವ್ವ ಕಲಿಸಿದ ಕೆಲಸ ಅದು. ಐವತ್ಮೂರಕ್ಕೆ ಕೈತಪ್ಪಿತು. "ಹಿಟ್ಟಿನಾಗ ಜಿಗಿ ಇಲ್ಲ ಬಿಡು" ಅಂತ ನಮ್ಮ ಯಜಮಾನರು ಗಿರಣಿಯವನನ್ನೇ ಬೈದರು. ಆಮೇಲೆ ಟಿವಿ ಮುಂದೆ ಸುಮ್ನೆ ಕೂತಾಗ ಎಡಗೈ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉರುಳತೊಡಗಿತು, ಜಪಮಣಿ ಎಣಿಸಿದ ಹಾಗೆ. ಇದು ಪಾರ್ಕಿನ್ಸನ್ ರೋಗ ಅಂತ ಗೊತ್ತಾಯಿತು, ಗಿರಣಿಯವನು ಬಚಾವಾದ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಮನೆಯಲ್ಲೇ ಹೊಲಿಗೆ ಮಷೀನು ಇದೆ. ಗುಳೇದಗುಡ್ಡದ ಖಣ ತಂದು ಕುಪ್ಪಸ ಹೊಲಿದುಕೊಡುತ್ತೇನೆ. ಹಾಗಾಗಿ ಯಾವ ಗುಳಿಗೆ ಕೊಟ್ಟರೂ ನನ್ನ ಪರೀಕ್ಷೆ ಎರಡೇ. ಹತ್ತು ರೊಟ್ಟಿಗೆ ಎಷ್ಟು ನಿಮಿಷ? ಒಂದು ಕುಪ್ಪಸಕ್ಕೆ ಹುಕ್ಕು ಹಚ್ಚಲು ಎಷ್ಟು ಹೊತ್ತು? ರೊಟ್ಟಿ ಕೈಯ ನಿಧಾನವನ್ನು ತೋರಿಸುತ್ತದೆ. ಸೂಜಿ ನಡುಕವನ್ನು ತೋರಿಸುತ್ತದೆ, ಯಾಕೆಂದರೆ ಬಟ್ಟೆ ಹಿಡಿದು ಕೂತ ಎಡಗೈ ಸುಮ್ಮನಿರಬೇಕು. ಎರಡೂ ಒಂದೇ ರೋಗದ ಲಕ್ಷಣ ಆದರೂ ಒಂದೇ ಗುಳಿಗೆಗೆ ಬಗ್ಗುವುದಿಲ್ಲ. ಇದು ಅರ್ಥವಾಗಲು ನನಗೆ ಮೂರು ವರ್ಷ ಬೇಕಾಯಿತು. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಈ ಲೆಕ್ಕವೆಲ್ಲ ಇದೆ. ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ. ಪ್ರಮಾಣ ನನ್ನ ಮೈಗೆ ಕೂಡಿಸಿದ್ದು, ನಿಮ್ಮದನ್ನು ನಿಮ್ಮ ಡಾಕ್ಟರೇ ಕೂಡಿಸಬೇಕು.

ಮೊದಲು ಬಂದದ್ದು ಟ್ರೈಹೆಕ್ಸಿಫೆನಿಡಿಲ್, 2 ಮಿಲಿಗ್ರಾಂ. 1949ರಿಂದ ಬಳಕೆಯಲ್ಲಿರುವ ಹಳೇ ಗುಳಿಗೆ, ಬೆಲೆಯೂ ಅಗ್ಗ. ಈ ರೋಗದಲ್ಲಿ ಮೈಯ ಚಲನೆ ನಡೆಸುವ ಡೋಪಮಿನ್ ಎಂಬ ರಸ ಮಿದುಳಿನಲ್ಲಿ ಕಡಿಮೆಯಾಗುತ್ತದೆ, ಆಗ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಸದ ಕೈ ಮೇಲಾಗುತ್ತದೆ. ಈ ಗುಳಿಗೆ ಆ ಮೇಲಾದ ಕೈಯನ್ನು ಕೆಳಗೆ ಒತ್ತುತ್ತದೆ. ನಡುಕಕ್ಕೆ ಇದು ನಿಜವಾಗಿ ಕೆಲಸ ಮಾಡಿತು. ಹುಕ್ಕು ಹಚ್ಚುವ ಕೆಲಸ ಮುಕ್ಕಾಲು ಗಂಟೆಯಿಂದ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ರೊಟ್ಟಿ ಮಾತ್ರ ಒಂದು ನಿಮಿಷವೂ ಬೇಗ ಆಗಲಿಲ್ಲ.

ಆಮೇಲೆ ಬೇಸಿಗೆ ಬಂತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಮಲಬದ್ಧತೆ ಬೇರೆ. ಅದೆಲ್ಲ ಇರಲಿ, ಬೆವರೇ ಬರುತ್ತಿರಲಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೆವರದ ಮೈ ಆ ಬಿಸಿಲಲ್ಲಿ ಕಾದ ಹೆಂಚೇ. ಈ ಜಾತಿಯ ಔಷಧ ಬೆವರನ್ನು ತಡೆಯುತ್ತದೆ, ಬಿಸಿಲಲ್ಲಿ ಹುಷಾರಾಗಿರಬೇಕು ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮರೆವು. ಒಬ್ಬರ ಕುಪ್ಪಸಕ್ಕೆ ಇನ್ನೊಬ್ಬರ ಅಳತೆಯ ತೋಳು ಕೂಡಿಸಿ ಕೊಟ್ಟೆ. ಅವರು ನಕ್ಕರು, ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ವಯಸ್ಸಾದವರಿಗೆ ಇದನ್ನು ಕೊಡಲು ಡಾಕ್ಟರುಗಳು ಹಿಂದೆಮುಂದೆ ನೋಡುವುದು ಈ ಮರೆವು, ಗಲಿಬಿಲಿಗೇ. ಸೂಜಿಗೆ ಹತ್ತಕ್ಕೆ ಎಂಟು ಅಂಕ, ತಲೆಗೆ ಸೊನ್ನೆ.

ನಂತರ ಬೆಳಗಾವಿಯ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಅದನ್ನು ನಿಧಾನಕ್ಕೆ ಇಳಿಸಿ ಪ್ರಾಮಿಪೆಕ್ಸೋಲ್ ಶುರು ಮಾಡಿದರು. 0.125 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಆಮೇಲೆ ಏರಿಸುತ್ತ 0.5ರವರೆಗೆ. ಇದು ಡೋಪಮಿನ್ ಅಲ್ಲ, ಡೋಪಮಿನ್ ಸೋಗು ಹಾಕಿಕೊಂಡು ಅದರ ಜಾಗದಲ್ಲಿ ಕೂರುವ ಔಷಧ. ಇದರ ಗುಣ ಅಂದರೆ ಸಮ. ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಏರುಪೇರಿಲ್ಲ. ಬೆಳಿಗ್ಗೆಯ ಕೈ, ಮಧ್ಯಾಹ್ನದ ಕೈ, ಸಂಜೆಯ ಕೈ ಎಲ್ಲ ಒಂದೇ ಥರ. ಹತ್ತು ರೊಟ್ಟಿ ಐವತ್ತು ನಿಮಿಷದಿಂದ ಮೂವತ್ತೈದಕ್ಕೆ ಬಂತು. ಸೂಜಿಯೂ ಪರವಾಗಿಲ್ಲ.

ನಿದ್ದೆ ಕಾಡಿತು. ಮಂಪರು ಕೂಡ ಇಲ್ಲ, ಒಮ್ಮೆಗೇ ನಿದ್ದೆ. ಮಷೀನಿನ ಮೇಲೆ ತಲೆಯಿಟ್ಟು ಮಲಗಿದ್ದು ಎರಡು ಸಲ. ಗಾಡಿ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಾಲಿನ ಹಿಮ್ಮಡಿ ಹತ್ತಿರ ಬಾವು ಬಂತು. ಆದರೆ ಈ ಗುಳಿಗೆಯ ನಿಜವಾದ ಕಥೆ ಖಣದ್ದು.

ವ್ಯಾಪಾರಕ್ಕೆ ತಿಂಗಳಿಗೆ ಐದಾರು ಖಣ ತರುತ್ತಿದ್ದವಳು ನಾನು. ಆ ಚಳಿಗಾಲದಲ್ಲಿ ಗುಳೇದಗುಡ್ಡಕ್ಕೆ ವಾರಕ್ಕೊಮ್ಮೆ ಬಸ್ಸು ಹತ್ತತೊಡಗಿದೆ. ಒಂದು ಕೆಂಪು ಕಂಡರೆ ಅದರ ಹಸಿರು ಜೋಡಿ ಬೇಕು. ಹಸಿರು ಸಿಕ್ಕರೆ ಆನಂದ ಬಣ್ಣದ್ದು ಯಾಕೆ ಬಿಡಬೇಕು ಅನ್ನಿಸುತ್ತಿತ್ತು. ತಂದದ್ದನ್ನು ರಾತ್ರಿ ಎರಡು ಗಂಟೆಗೆ ಎದ್ದು ಬಣ್ಣದ ಪ್ರಕಾರ ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದೆ. ನನಗೆ ಒಂದಿಷ್ಟೂ ತಪ್ಪು ಅನ್ನಿಸಲಿಲ್ಲ, ಅದೇ ವಿಚಿತ್ರ. ಖುಷಿಯಾಗಿದ್ದೆ. ಕಡೆಗೆ ಸೊಸೆ ಟ್ರಂಕು ತೆರೆದು, "ಅತ್ತಿ, ಇವು ಮೂವತ್ತೊಂದು ಅದಾವ್ರಿ. ಗಿರಾಕಿ ಯಾರು?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಈ ಜಾತಿಯ ಗುಳಿಗೆಗಳಿಂದ ಕೆಲವರಿಗೆ ಕೊಳ್ಳುವ ಚಟ ಹತ್ತುತ್ತದೆ, ಕೆಲವರಿಗೆ ಜೂಜಿನದು, ಕೆಲವರಿಗೆ ತಿನ್ನುವುದು, ಇನ್ನು ಕೆಲವರಿಗೆ ಕಾಮದ್ದು. ನನಗೆ ಖಣ ಹತ್ತಿತು. ನಮ್ಮ ಪುಣ್ಯ, ಮೊಬೈಲಿನ ರಮ್ಮಿ ಹತ್ತಲಿಲ್ಲ. ಈ ಗುಳಿಗೆ ತಿನ್ನುವವರ ಮನೆಯವರು ವಾರಕ್ಕೊಮ್ಮೆ ಪರ್ಸು, ಮೊಬೈಲು, ಟ್ರಂಕು ನೋಡುತ್ತಿರಬೇಕು. ರೋಗಿಯನ್ನು ಕೇಳಿದರೆ "ಏನೂ ಇಲ್ಲ" ಅಂತಲೇ ಹೇಳುತ್ತಾರೆ, ನಾನೂ ಹೇಳಿದ್ದೆ. ಬಿಡುವುದೂ ಸುಲಭ ಅಲ್ಲ. ಇಳಿಸುವಾಗ ಎರಡು ತಿಂಗಳು ಎದೆ ಢವಢವ, ಬೇಸರ, ಸುಮ್ಸುಮ್ನೆ ಅಳು. ಇಂಥ ಔಷಧ ಯಾವುದನ್ನೂ ಒಮ್ಮೆಗೇ ನಿಲ್ಲಿಸಬಾರದು. ಮುಂದೆ ಹೇಳುವ ಲೆವೊಡೋಪಾ ಗುಳಿಗೆ ಒಮ್ಮೆಗೇ ನಿಂತರೆ ಮೈ ಬಿಗಿದು ವಿಪರೀತ ಜ್ವರ ಬಂದು ಜೀವಕ್ಕೇ ಸಂಚಕಾರ ಬರಬಹುದು.

ಈಗ ಲೆವೊಡೋಪಾ–ಕಾರ್ಬಿಡೋಪಾ. ಇದನ್ನು ನಾನು ಎರಡು ವರ್ಷ ಮುಂದೂಡಿದ್ದೆ. "ಅದು ಕಡೇ ಅಸ್ತ್ರ, ಬೇಗ ತಗೊಂಡ್ರ ಬೇಗ ಮುಗೀತದ" ಅಂತ ನಮ್ಮ ಕಡೆ ಒಂದು ಮಾತು ಓಡಾಡುತ್ತದೆ. ನೆದರ್ಲೆಂಡ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 40 ವಾರ ಮೊದಲೇ ಶುರು ಮಾಡಿದವರಿಗೂ ತಡವಾಗಿ ಶುರು ಮಾಡಿದವರಿಗೂ 80 ವಾರದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಔಷಧ ರೋಗವನ್ನು ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೂ ತಳ್ಳುವುದಿಲ್ಲ. ಇದನ್ನು ತಜ್ಞರು ವಿವರಿಸಿದಾಗ ನನಗೆ ಸಿಟ್ಟೇ ಬಂತು. ಆ ಎರಡು ವರ್ಷ ರೊಟ್ಟಿ ಸೊಸೆಯ ಪಾಲಾಗಿತ್ತಲ್ಲ!

ಡೋಪಮಿನ್ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಲೆವೊಡೋಪಾ ಹೋಗುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಕಾರ್ಬಿಡೋಪಾ ಅದರ ಕಾವಲುಗಾರ, ದಾರಿಯಲ್ಲೇ ಹಾಳಾಗದಂತೆ ನೋಡಿಕೊಳ್ಳುತ್ತದೆ. ನನಗೆ ಮೊದಲ ಒಂದೆರಡು ವಾರ ಅರ್ಧ ಅರ್ಧ ಗುಳಿಗೆ, ಆಮೇಲೆ ಪೂರ್ತಿ. ಪೂರ್ತಿ ಶುರುವಾದ ನಾಲ್ಕನೇ ದಿನ ಹಿಟ್ಟು ನಾದಿ ಕೂತೆ. ಹಲಗೆಯ ಮೇಲೆ ಹಳೇ ಸದ್ದು ಬಂತು, ಎರಡೂ ಕೈಯ ತಾಳ. ಒಳಗಿನಿಂದ ಯಜಮಾನರು ಬಂದು ಬಾಗಿಲಲ್ಲಿ ನಿಂತರು, ಏನೂ ಮಾತಾಡಲಿಲ್ಲ. ಹತ್ತು ರೊಟ್ಟಿ, ಇಪ್ಪತ್ತೆರಡು ನಿಮಿಷ. ನಿಧಾನಕ್ಕೂ ಬಿಗಿತಕ್ಕೂ ಇದರ ಹತ್ತಿರ ಯಾವುದೂ ಬರುವುದಿಲ್ಲ. ನಡುಕಕ್ಕೆ ಮಾತ್ರ ಆ ಹಳೇ ಗುಳಿಗೆಯೇ ಒಂದು ಕೈ ಮೇಲಿತ್ತು, ನನ್ನ ಪುಸ್ತಕದ ಪ್ರಕಾರ.

ಆದರೆ ಇದು ಬಲು ಮಡಿವಂತ ಗುಳಿಗೆ. ಊಟದ ಜೊತೆ ಆಗುವುದಿಲ್ಲ. ಕಾಳು, ಮೊಸರು, ಶೇಂಗಾದಲ್ಲಿರುವ ಪ್ರೋಟೀನು ಇದಕ್ಕೆ ದಾಯಾದಿ. ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಇಬ್ಬರಿಗೂ ಒಂದೇ. ನಮ್ಮ ಊಟ ಅಂದರೆ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ದಾಯಾದಿಗಳ ಜಾತ್ರೆ! ಮೊದಲ ತಿಂಗಳು ಒಂದು ಗಂಟೆಯ ಗುಳಿಗೆ ಯಾಕೆ ಹತ್ತುತ್ತಿಲ್ಲ ಅಂತ ತಲೆ ಕೆಡಿಸಿಕೊಂಡೆ. ಈಗ ಹನ್ನೆರಡೂಕಾಲಿಗೆ ಗುಳಿಗೆ, ಒಂದಕ್ಕೆ ಊಟ. ಮಧ್ಯಾಹ್ನ ರೊಟ್ಟಿಗೆ ಬದನೆಕಾಯಿ ಅಥವಾ ಸೊಪ್ಪು, ಕಾಳು ಮೊಸರು ರಾತ್ರಿಗೆ. ಪ್ರೋಟೀನು ಬಿಡಬಾರದು, ಹೊತ್ತು ಬದಲಿಸಬೇಕು ಅಷ್ಟೇ. ರಕ್ತಹೀನತೆಗೆ ಕಬ್ಬಿಣದ ಗುಳಿಗೆ ತಿನ್ನುವವರು ಅದನ್ನೂ ಎರಡು ಗಂಟೆ ದೂರ ಇಡಬೇಕು.

ಇನ್ನೊಂದು ಗುಟ್ಟು ನಂಬರಿನದು. ಅಂಗಡಿಯಲ್ಲಿ ಇದಕ್ಕೆ ನೂರಾಹತ್ತು, ನೂರಾ ಇಪ್ಪತ್ತೈದು ಅನ್ನುತ್ತಾರೆ. ಎರಡರಲ್ಲೂ ಲೆವೊಡೋಪಾ 100. ಕಾವಲುಗಾರ ಮಾತ್ರ ಒಂದರಲ್ಲಿ 10, ಇನ್ನೊಂದರಲ್ಲಿ 25. ಒಮ್ಮೆ ಅಂಗಡಿಯವನು "ಎರಡೂ ಒಂದ ಐತ್ರಿ" ಅಂತ ನೂರಾಹತ್ತು ಕೊಟ್ಟ. ಮೂರು ದಿನ ವಾಂತಿ, ಹತ್ತು ರೊಟ್ಟಿ ಮತ್ತೆ ನಲವತ್ತು ನಿಮಿಷ. ಕಾರ್ಬಿಡೋಪಾ ದಿನಕ್ಕೆ 70 ಮಿಲಿಗ್ರಾಂ ಆದರೂ ಬೇಕಂತೆ, ಮೂರು ನೂರಾಹತ್ತರಿಂದ ಸಿಗುವುದು 30. ಆ ವಾಂತಿಗೆ ಅಂತ ಅದೇ ಅಂಗಡಿಯಲ್ಲಿ ಕೊಟ್ಟ ಗುಳಿಗೆ ಮೆಟೊಕ್ಲೋಪ್ರಮೈಡ್. ಅದು ಡೋಪಮಿನ್ನನ್ನೇ ತಡೆಯುವ ಔಷಧ! ನಮ್ಮಂಥವರಿಗೆ ಅದು ಬೇಡ, ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಕೂಡ ಬೇಡ. ಈ ಮೂರು ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಮಿದುಳಿನಲ್ಲಿರುವ ಡೋಪಮಿನ್ ಬೇಗ ಕರಗದಂತೆ ತಡೆಯುವ ರಾಸಾಜಿಲಿನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೆಳಿಗ್ಗೆ 1 ಮಿಲಿಗ್ರಾಂ. ಉಪದ್ರವ ಇಲ್ಲ, ಉಪಕಾರವೂ ಕಣ್ಣಿಗೆ ಕಾಣಲಿಲ್ಲ. ರೊಟ್ಟಿ ಎರಡು ನಿಮಿಷ ಬೇಗ ಆಯಿತು, ಅದು ಹಿಟ್ಟಿನ ಗುಣವೂ ಇರಬಹುದು. ಹಲ್ಲುನೋವಿಗೋ ಮೊಣಕಾಲಿಗೋ ಯಾರಾದರೂ ಟ್ರಮಡಾಲ್ ಬರೆದರೆ ಇದನ್ನು ತಿನ್ನುತ್ತಿದ್ದೇನೆ ಅಂತ ಮೊದಲೇ ಹೇಳಬೇಕು. ಎರಡೂ ಕೂಡಬಾರದು.

ಭಾವ ಒಮ್ಮೆ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. "ಇದು ನಮ್ಮ ಆಯುರ್ವೇದ, ಏನೂ ಆಗಂಗಿಲ್ಲ ತಗೋ ತಂಗಿ" ಅಂದರು. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಭಾವ ಸುಳ್ಳು ಹೇಳಲಿಲ್ಲ. ಆದರೆ ಚಮಚದಲ್ಲಿ ಎಷ್ಟು ಅಂತ ಪುಡಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕಾವಲುಗಾರ ಅಂತೂ ಇಲ್ಲವೇ ಇಲ್ಲ. ಗುಳಿಗೆಯ ಮೇಲೆ ಅದೂ ಬಿದ್ದು ಒಂದು ವಾರ ತಲೆ, ಭುಜ ಎಲ್ಲ ತೇಲಾಡಿದವು, ಸಂಜೆಯ ವಾಂತಿ ಬೇರೆ. ಡಬ್ಬಿ ಅಟ್ಟ ಸೇರಿತು. ಭಾವನಿಗೆ ಇನ್ನೂ ಹೇಳಿಲ್ಲ.

ನಾಲ್ಕನೇ ವರ್ಷಕ್ಕೆ ಲೆವೊಡೋಪಾದ ಇನ್ನೊಂದು ಮುಖ ಕಂಡಿತು. ಗುಳಿಗೆ ಪೂರ್ತಿ ಹತ್ತಿದಾಗ ಎಡಭುಜ ತಾನೇ ಓಲಾಡುವುದು. ನೋಡಿದವರು ನಡುಕ ಅನ್ನುತ್ತಾರೆ, ನಡುಕವಲ್ಲ, ಔಷಧದ ಕುಣಿತ. ಅದಕ್ಕೆ ಅಮಾಂಟಡಿನ್ ಕೂಡಿಸಿದರು. ಇದು ಮೂಲದಲ್ಲಿ ಫ್ಲೂ ಜ್ವರದ ಔಷಧ. 1968ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಇದ್ದ ಒಬ್ಬ ಹೆಂಗಸು ಫ್ಲೂಗೆ ಇದನ್ನು ತಿಂದಾಗ ಮೈ ಹಗುರಾದದ್ದನ್ನು ಡಾಕ್ಟರಿಗೆ ಹೇಳಿದಳಂತೆ. ಅಲ್ಲಿಂದ ಇದು ನಮ್ಮ ಕಡೆಗೆ ತಿರುಗಿತು. ನನಗೆ ಕುಣಿತ ಅರ್ಧಕ್ಕಿಂತ ಕಡಿಮೆಯಾಗಿದೆ. ತೊಡೆಯ ಮೇಲೆ ಬಲೆ ಹಾಸಿದ ಹಾಗೆ ನೇರಳೆ ಗೆರೆ ಮೂಡಿವೆ, ಸೀರೆಯೊಳಗಿನ ಮಾತು, ತೊಂದರೆ ಇಲ್ಲ. ಸಂಜೆ ತಿಂದರೆ ನಿದ್ದೆ ಹಾರುತ್ತದೆ, ಹಾಗಾಗಿ ಬೆಳಿಗ್ಗೆ ಮತ್ತು ಮಧ್ಯಾಹ್ನ ಮಾತ್ರ.

ನನ್ನ ಪುಸ್ತಕದ ಪ್ರಕಾರ ರೊಟ್ಟಿಗೆ ಲೆವೊಡೋಪಾ, ಬೇರೆ ಮಾತೇ ಇಲ್ಲ. ಸೂಜಿಗೆ ಟ್ರೈಹೆಕ್ಸಿಫೆನಿಡಿಲ್ ಗೆದ್ದರೂ ಮತ್ತೆ ಅದನ್ನು ಮುಟ್ಟಲಾರೆ. ನಡುಕ ಇದ್ದರೂ ಅಳತೆ ನೆನಪಿರಲಿ. ದಿನವೆಲ್ಲ ಸಮ ಇರಲು ಪ್ರಾಮಿಪೆಕ್ಸೋಲ್ ಒಳ್ಳೆಯದಿತ್ತು. ಮನೆಯಲ್ಲಿ ನನ್ನ ಸೊಸೆಯಂಥ ಕಣ್ಣಿದ್ದವರಿಗೆ ಅದು ಆಗಬಹುದು, ನನಗೆ ಬೇಡ.

ಸದ್ಯ ಕಾಡುತ್ತಿರುವುದು ನಾಲ್ಕು ಗಂಟೆ. ಹನ್ನೆರಡೂಕಾಲಿನ ಗುಳಿಗೆ ಮೂರೂವರೆಗೇ ತೀರುತ್ತದೆ, ನಾಲ್ಕೂವರೆಯದು ಹತ್ತುವವರೆಗೆ ಕಾಲು ಎತ್ತಿಡಲು ಆಗುವುದಿಲ್ಲ. ಹೊತ್ತಿನ ಅಂತರ ಕಡಿಮೆ ಮಾಡುವುದೋ, ಲೆವೊಡೋಪಾ ಹೆಚ್ಚು ಹೊತ್ತು ಬಾಳುವಂತೆ ಮಾಡುವ ಎಂಟಕಪೋನ್ 200 ಮಿಲಿಗ್ರಾಂ ಪ್ರತಿ ಸಲದ ಜೊತೆ ಕೂಡಿಸುವುದೋ ಅಂತ ಮುಂದಿನ ತಿಂಗಳು ಬೆಳಗಾವಿಯಲ್ಲಿ ಕೇಳಬೇಕು. ಅದು ಮೂತ್ರಕ್ಕೆ ಕಿತ್ತಳೆ ಬಣ್ಣ ಕೊಡುತ್ತದಂತೆ, ಹೆದರಬೇಕಾಗಿಲ್ಲವಂತೆ. ಬೆಳಗಾವಿಯ ಬಸ್ ದಾರಿಗೆ ಅಂತ ಚಪಾತಿ, ಬದನೆಕಾಯಿ ಪಲ್ಯ ಕಟ್ಟಿಕೊಳ್ಳುತ್ತೇನೆ. ಮೂವತ್ತೊಂದು ಖಣದಲ್ಲಿ ಹತ್ತೊಂಬತ್ತು ಹೊಲಿದು ಮಾರಿದ್ದೇನೆ. ಆನಂದ ಬಣ್ಣದ್ದನ್ನು ಸೊಸೆ ತನಗೇ ಇಟ್ಟುಕೊಂಡಿದ್ದಾಳೆ.